ಚಾರಿತ್ರಿಕ ಉದ್ಯಾನಗಳ ಅಧ್ಯಯನ ಪ್ರವಾಸ: ತೋಟಗಾರಿಕೆ ವಿದ್ಯಾರ್ಥಿಗಳಿಗೆ ಏನು ತೋರಿಸಬೇಕು?

ಪ್ರಶ್ನೆ: ತೋಟಗಾರರಾಗಲು ತರಬೇತಿ ಪಡೆಯುತ್ತಿರುವ ಯುವಕ ಯುವತಿಯರಿಗೆ ನಾನು ಪಾಠ ಹೇಳುತ್ತೇನೆ. ಎರಡು ವರ್ಷದ ಕೋರ್ಸು. ವರ್ಷಕ್ಕೊಮ್ಮೆ ಅವರನ್ನು ಹಳೆಯ, ಹೆಸರಾಂತ ಉದ್ಯಾನಗಳಿಗೆ ಕರೆದೊಯ್ಯುತ್ತೇವೆ. ನಾಲ್ಕು ದಿನದಲ್ಲಿ ಏಳೆಂಟು ಉದ್ಯಾನ. ಎಲ್ಲರೂ ಖುಷಿಯಿಂದಲೇ ಓಡಾಡುತ್ತಾರೆ, ರಾಶಿ ಫೋಟೊ ತೆಗೆಯುತ್ತಾರೆ. ಆದರೆ ವಾಪಸು ಬಂದು ಬರೆದುಕೊಡುವ ವರದಿಯಲ್ಲಿ ಯಾವ ದೊರೆ ಯಾವಾಗ ಕಟ್ಟಿಸಿದ ಎನ್ನುವುದರಾಚೆ ಏನೂ ಇರುವುದಿಲ್ಲ. ಇಷ್ಟು ಹಣ, ಸಮಯವನ್ನು ನಮ್ಮದೇ ತಾಕಿನಲ್ಲಿ ಕೈಕೆಲಸ ಕಲಿಸಲು ಬಳಸಬಹುದಲ್ಲ ಎಂದು ಸಂಸ್ಥೆಯವರು ಕೇಳುತ್ತಿದ್ದಾರೆ. ಪ್ರವಾಸ ನಿಲ್ಲಿಸಬೇಕೆ? ಬೇಡವೆಂದಾದರೆ ಅದನ್ನು ಹೇಗೆ ನಡೆಸಬೇಕು?

ಉತ್ತರ: ನಿಲ್ಲಿಸಬೇಡಿ. ಆದರೆ ಏಳೆಂಟು ಉದ್ಯಾನಗಳನ್ನು ಎರಡಕ್ಕೆ ಇಳಿಸಿ, ಸಾಧ್ಯವಾದರೆ ಒಂದಕ್ಕೇ. ಉಳಿದ ಸಮಯವನ್ನೆಲ್ಲ ಅಲ್ಲೇ ಕಳೆಯಿರಿ. ನಿಮ್ಮ ವಿದ್ಯಾರ್ಥಿಗಳಿಗೆ ಈಗ ಸಿಗುತ್ತಿರುವುದು ಟಿಕೆಟ್ ಕೊಂಡು ಒಳಗೆ ಬಂದವರಿಗೆ ಸಿಗುವ ನೋಟ. ಅವರು ಬರುವ ಹೊತ್ತಿಗೆ ಹುಲ್ಲು ಕತ್ತರಿಸಿ, ಬಾಡಿದ ಹೂ ಕಿತ್ತು, ಕಸ ಎತ್ತಿ, ತೋಟಗಾರರು ಕಣ್ಣಿಗೆ ಬೀಳದ ಹಾಗೆ ಪಕ್ಕಕ್ಕೆ ಸರಿದಿರುತ್ತಾರೆ. ತೋಟಗಾರರಾಗಲು ಹೊರಟವರು ನೋಡಬೇಕಾದ್ದು ಹೀಗೆ ಕಣ್ಮರೆಯಾದ ಭಾಗವನ್ನೇ. ಇಲ್ಲಿ ಯಾರು, ಯಾವ ತಿಂಗಳಲ್ಲಿ, ಯಾವ ಕತ್ತರಿ ಹಿಡಿದು ಏನನ್ನು ತೆಗೆದರು, ಏನನ್ನು ಉಳಿಸಿದರು, ಏಕೆ? ಈ ಪ್ರಶ್ನೆಗಳಿಗೆ ಉತ್ತರ ತರದ ಪ್ರವಾಸವನ್ನು ಸಂಸ್ಥೆಯವರು ಪ್ರಶ್ನಿಸುವುದು ನ್ಯಾಯವೇ.

ಕೈಕೆಲಸವನ್ನು ಸ್ವಂತ ತಾಕಿನಲ್ಲೇ ಕಲಿಸಬೇಕು ಎನ್ನುವ ಮಾತು ನನಗೂ ಒಪ್ಪಿಗೆ. ಅಗೆತ, ಕಸಿ, ಸವರುವಿಕೆ, ನೀರಿನ ಹದ ಇವೆಲ್ಲ ದಿನನಿತ್ಯದ ರೂಢಿಯಿಂದಲೇ ಬರಬೇಕು. ಆದರೆ ತರಬೇತಿ ತಾಕಿನಲ್ಲಿ ಎಂದಿಗೂ ಸಿಗದ ಒಂದು ಸಂಗತಿ ಹಳೆಯ ಉದ್ಯಾನದಲ್ಲಿದೆ. ಅದು ಕಾಲ. ಎರಡು ವರ್ಷದ ಕೋರ್ಸಿನಲ್ಲಿ ವಿದ್ಯಾರ್ಥಿ ತಾನು ನೆಟ್ಟ ಬೇಲಿಗಿಡ ಮೊಣಕಾಲೆತ್ತರ ಬರುವುದನ್ನು ನೋಡಬಹುದು, ಅಷ್ಟೆ. ಇಪ್ಪತ್ತು ವರ್ಷದ ಹಿಂದೆ ಯಾರೋ ಮಾಡಿದ ತಪ್ಪು ಕಟಾವು ಇವತ್ತು ಕಾಂಡದ ಟೊಳ್ಳಾಗಿ ಕಾಣುವುದನ್ನು, ಮುನ್ನೂರು ವರ್ಷ ಒಂದೇ ಆಕಾರಕ್ಕೆ ಸವರಿಸಿಕೊಂಡ ಗಿಡ ಒಳಗೆ ಹೇಗಿರುತ್ತದೆ ಎನ್ನುವುದನ್ನು ತಾಕಿನಲ್ಲಿ ತೋರಿಸಲಾಗದು. ಇಂಗ್ಲೆಂಡಿನ ಲೆವೆನ್ಸ್ ಹಾಲ್‌ನಲ್ಲಿ 1694ರಲ್ಲಿ ಗಿಯೋಮ್ ಬೋಮಾಂಟ್ ರೂಪಿಸಲು ಆರಂಭಿಸಿದ ಯೂ ಎಂಬ ನಿತ್ಯಹಸಿರು ಗಿಡಗಳ ಟೋಪಿಯರಿ, ಅಂದರೆ ಸವರಿ ಆಕಾರ ಕೊಟ್ಟ ಗಿಡಗಳ ಸಾಲು, ಇಂದಿಗೂ ವರ್ಷವರ್ಷ ಕತ್ತರಿ ಕಾಣುತ್ತಿದೆ. ಇಟಲಿಯ ಪಡುವಾದ ಸಸ್ಯೋದ್ಯಾನ 1545ರದ್ದು. ಅಲ್ಲಿ 1585ರಲ್ಲಿ ನೆಟ್ಟ ತಾಳೆ ಜಾತಿಯ ಗಿಡವೊಂದು ಇನ್ನೂ ಇದೆ.

ಇಂಥ ವರ್ಷಗಳನ್ನು ಬರೆದುಕೊಂಡು ಬರುವುದರಿಂದ ಪ್ರಯೋಜನವಿಲ್ಲ. ಆ ಗಿಡದ ಮುಂದೆ ನಿಂತು ಕೆಲಸದ ಪ್ರಶ್ನೆ ಕೇಳಬೇಕು. ಲಂಡನ್ ಬಳಿಯ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ದೊಡ್ಡದೊಂದು ದ್ರಾಕ್ಷಿ ಬಳ್ಳಿಯಿದೆ. 'ಕೇಪಬಿಲಿಟಿ' ಬ್ರೌನ್ ಎಂದೇ ಹೆಸರಾದ ಲ್ಯಾನ್ಸೆಲಾಟ್ ಬ್ರೌನ್ 1768ರಲ್ಲಿ ನೆಟ್ಟದ್ದು, ಈಗಲೂ ಫಲ ಕೊಡುತ್ತದೆ. ಬಂದವರೆಲ್ಲ ಗಾಜಿನ ಮನೆಯೊಳಗೆ ಹೋಗಿ ಕಾಂಡದ ದಪ್ಪ ನೋಡಿ ಬೆರಗಾಗುತ್ತಾರೆ. ವಿದ್ಯಾರ್ಥಿಯನ್ನು ಹೊರಗೆ ನಿಲ್ಲಿಸಬೇಕು. ಗಾಜಿನ ಮನೆಯ ಪಕ್ಕದಲ್ಲಿ ಏನನ್ನೂ ನೆಡದೆ ಬರಿದೇ ಬಿಟ್ಟ ವಿಶಾಲವಾದ ಜಾಗವಿದೆ. ಅಷ್ಟು ಪ್ರಸಿದ್ಧ ಉದ್ಯಾನದಲ್ಲಿ, ಒಂದೊಂದು ಅಡಿಗೂ ಬೆಲೆ ಇರುವಲ್ಲಿ, ಇಷ್ಟು ಮಣ್ಣನ್ನು ಖಾಲಿ ಬಿಟ್ಟದ್ದೇಕೆ? ಬಳ್ಳಿಯ ಬೇರು ಇರುವುದು ಅಲ್ಲಿ. ಹೂವಿನ ಪಾತಿ ಮಾಡಿದರೆ ನೀರು, ಗೊಬ್ಬರಕ್ಕೆ ಬೇರಿನೊಂದಿಗೆ ಪೈಪೋಟಿ ಶುರುವಾಗುತ್ತದೆ, ಅಗೆತದಿಂದ ಬೇರು ತುಂಡಾಗುತ್ತದೆ. ಎರಡೂವರೆ ಶತಮಾನ ಕಳೆದ ಬಳ್ಳಿಯ ಆರೋಗ್ಯದ ಬಹುಪಾಲು ಆ ಖಾಲಿ ಮಣ್ಣಿನಲ್ಲಿದೆ ಎನ್ನುವುದು ಹೊಳೆದ ಹುಡುಗ ಮುಂದೆ ಯಾವ ಮರದ ಬುಡಕ್ಕೂ ಯೋಚಿಸದೆ ಗುದ್ದಲಿ ಹಾಕುವುದಿಲ್ಲ. ಆಮೇಲೆ ಒಳಗೆ ಹೋಗಿ, ಕಳೆದ ವರ್ಷದ ರೆಂಬೆಗಳನ್ನು ಚಿಗುರೊಡೆಯುವ ಒಂದೆರಡು ಕಣ್ಣು ಉಳಿಸಿ ಎಲ್ಲಿಗೆ ಕತ್ತರಿಸಿದ್ದಾರೆ, ಮೊಂಡುಗಳು ವರ್ಷವರ್ಷ ಹೇಗೆ ಗಂಟುಗಟ್ಟಿವೆ ಎಂದು ನೋಡಲಿ.

ಮಣ್ಣಿನ ಮಾತು ಬಂದದ್ದರಿಂದ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಟರ್ನರ್ ಓಕ್ ಮರದ ಸಂಗತಿಯನ್ನೂ ಹೇಳಲೇಬೇಕು. ನನ್ನ ದೃಷ್ಟಿಯಲ್ಲಿ ಪ್ರತಿ ವಿದ್ಯಾರ್ಥಿ ತೋಟಗಾರರಿಗೂ ಗೊತ್ತಿರಬೇಕಾದ ಪಾಠ ಅದು. 1987ರ ಅಕ್ಟೋಬರಿನಲ್ಲಿ ದಕ್ಷಿಣ ಇಂಗ್ಲೆಂಡಿಗೆ ಬಡಿದ ಬಿರುಗಾಳಿಗೆ ಕ್ಯೂನಲ್ಲಿ ಸುಮಾರು 700 ಮರಗಳು ಹೋದವು. 18ನೇ ಶತಮಾನದ ಕೊನೆಯಲ್ಲಿ ನೆಟ್ಟಿದ್ದ ಈ ಓಕ್ ಮರವನ್ನು ಗಾಳಿ ಬೇರಿನ ಹಾಸು ಸಮೇತ ಮೇಲೆತ್ತಿ ಮತ್ತೆ ಅದೇ ಜಾಗದಲ್ಲಿ ಕೂರಿಸಿತು. ಮೊದಲೇ ಸೊರಗಿದ್ದ ಮರ. ಊರುಗೋಲು ಕೊಟ್ಟು ನಿಲ್ಲಿಸಿ, ಬಿದ್ದ ಮರಗಳ ಕೆಲಸ ಮುಗಿದ ಮೇಲೆ ಇದನ್ನು ನೋಡೋಣವೆಂದು ಬಿಟ್ಟರು. ಸುಮಾರು ಮೂರು ವರ್ಷದ ನಂತರ ನೋಡಿದರೆ ಅದು ಹಿಂದೆಂದಿಗಿಂತ ಚೆನ್ನಾಗಿ ಚಿಗುರಿತ್ತು! ಜನರ ಓಡಾಟದಿಂದ ಬುಡದ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ, ನೀರು ಇಳಿಯುತ್ತಿರಲಿಲ್ಲ. ಬಿರುಗಾಳಿ ಆ ಮಣ್ಣನ್ನು ಒಂದೇ ಏಟಿಗೆ ಸಡಿಲಿಸಿತ್ತು. ಆಮೇಲೆ ಕ್ಯೂನವರು ಒತ್ತಡದ ಗಾಳಿ ಹಾಯಿಸಿ ಮರಗಳ ಬುಡದ ಮಣ್ಣು ಸಡಿಲಿಸುವುದನ್ನು ರೂಢಿ ಮಾಡಿಕೊಂಡರು, ಬುಡದ ಹುಲ್ಲು ತೆಗೆದು ಮಣ್ಣಿನ ಮೇಲೆ ಹೊದಿಕೆ ಹಾಕಲು ಹೆಚ್ಚಿನ ಗಮನ ಕೊಟ್ಟರು. ಕ್ಯೂಗೆ ಹೋಗಲು ಆಗದಿದ್ದರೂ ನಷ್ಟವಿಲ್ಲ. ನೀವು ಹೋಗುವ ಯಾವ ಹಳೆಯ ಉದ್ಯಾನದಲ್ಲೂ ಜನ ನಿಂತು ಫೋಟೊ ತೆಗೆಸಿಕೊಳ್ಳುವ ಒಂದು ಮರ ಇದ್ದೇ ಇರುತ್ತದೆ. ಅಲ್ಲಿಗೆ ಹೋದಾಗ ವಿದ್ಯಾರ್ಥಿಗಳ ಕಣ್ಣು ಕೊಂಬೆಯಿಂದ ಕೆಳಗಿಳಿದು ನೆಲಕ್ಕೆ ಬರಬೇಕು. ಹುಲ್ಲು ಎಲ್ಲಿ ಸವೆದಿದೆ, ಮಳೆನೀರು ಎಲ್ಲಿ ನಿಂತ ಗುರುತಿದೆ, ನೆತ್ತಿಯ ಕೊಂಬೆಗಳಲ್ಲಿ ಯಾವ ಬದಿ ಒಣಗಿದೆ, ಎರಡಕ್ಕೂ ಸಂಬಂಧವಿದೆಯೆ? ಒಂದು ಮರಕ್ಕೆ ಅರ್ಧ ಗಂಟೆ ಕೊಟ್ಟರೂ ಹೆಚ್ಚಲ್ಲ.

ಇನ್ನು ಯಾರ ಜೊತೆ ನೋಡಬೇಕು ಎನ್ನುವುದು. ಗೈಡ್ ಬೇಡ. ಇತಿಹಾಸವನ್ನು ಹೊರಡುವ ಮೊದಲೇ ತರಗತಿಯಲ್ಲಿ ಹೇಳಿ ಮುಗಿಸಿ. ಉದ್ಯಾನದ ಮುಖ್ಯ ತೋಟಗಾರರಿಗೆ ತಿಂಗಳುಗಳ ಮೊದಲೇ ಪತ್ರ ಬರೆದು, ನಮ್ಮ ವಿದ್ಯಾರ್ಥಿಗಳು ನಿಮ್ಮವರೊಂದಿಗೆ ಒಂದು ದಿನ ಕೆಲಸ ಮಾಡಬಹುದೆ ಎಂದು ಕೇಳಿ. ಬಹಳ ಕಡೆ ಒಪ್ಪುತ್ತಾರೆ, ಏಕೆಂದರೆ ಹಳೆಯ ಉದ್ಯಾನಗಳಲ್ಲಿ ಕೈಗಳ ಕೊರತೆ ಯಾವಾಗಲೂ ಇರುತ್ತದೆ. ತಮ್ಮ ಕೆಲಸವನ್ನು ತಿಳಿದವರ ಮುಂದೆ ಹೇಳಿಕೊಳ್ಳುವ ಅವಕಾಶ ತೋಟಗಾರರಿಗೂ ಅಪರೂಪ. ದಿನವಿಡೀ ಬರೀ ಒಣಗಿದ ಎಲೆ ಬಾಚುವ ಕೆಲಸ ಕೊಟ್ಟರೂ ಬೇಸರ ಬೇಡ. ಬಾಚುತ್ತ ಪಕ್ಕದಲ್ಲಿರುವ ಹಿರಿಯ ಕೆಲಸಗಾರರ ಮಾತು ಕೇಳುವುದೇ ಆ ದಿನದ ತರಗತಿ.

ಕಸುಬು ಹೀಗೆಯೇ ಒಂದು ಉದ್ಯಾನದಿಂದ ಇನ್ನೊಂದಕ್ಕೆ ಸಾಗಿದೆ. ಇಂಗ್ಲೆಂಡಿನ ಸಿಸ್ಸಿಂಗ್‌ಹರ್ಸ್ಟ್ ಉದ್ಯಾನದ ಗುಲಾಬಿಗಳು ಜಗತ್ತಿಗೆಲ್ಲ ಗೊತ್ತು. ವೀಟಾ ಸ್ಯಾಕ್‌ವಿಲ್-ವೆಸ್ಟ್ ಮತ್ತು ಹೆರಾಲ್ಡ್ ನಿಕೊಲ್ಸನ್ ದಂಪತಿ 1930ರಲ್ಲಿ ಕೊಂಡು ಬೆಳೆಸಿದ ಜಾಗ ಅದು. ಅಲ್ಲಿ ಉದ್ದುದ್ದ ಬೆಳೆಯುವ ಪೊದೆ ಗುಲಾಬಿಗಳನ್ನು ನೆಟ್ಟಗೆ ಬಿಡುವುದಿಲ್ಲ. ಹೇಜಲ್ ಮರದ ಎಳೆಯ ಕೋಲುಗಳನ್ನು ಕಮಾನಿನಂತೆ ಬಗ್ಗಿಸಿ ಎರಡೂ ತುದಿ ನೆಲಕ್ಕೆ ಚುಚ್ಚಿ, ಗುಲಾಬಿಯ ರೆಂಬೆಗಳನ್ನು ಅದರ ಮೇಲೆ ಬಾಗಿಸಿ ಕಟ್ಟುತ್ತಾರೆ. ರೆಂಬೆ ನೆಟ್ಟಗಿದ್ದಾಗ ತುದಿಯ ಮೊಗ್ಗು ಕೆಳಗಿನ ಕಣ್ಣುಗಳನ್ನು ತಡೆದಿಡುತ್ತದೆ. ಬಾಗಿಸಿದರೆ ಆ ಹಿಡಿತ ಸಡಿಲವಾಗಿ ಉದ್ದಕ್ಕೂ ಪ್ರತಿಯೊಂದು ಕಣ್ಣೂ ಚಿಗುರಿ ಹೂ ಬಿಡುತ್ತದೆ. ಈ ಪದ್ಧತಿ ಸಿಸ್ಸಿಂಗ್‌ಹರ್ಸ್ಟ್‌ನಲ್ಲಿ ಹುಟ್ಟಿದ್ದಲ್ಲ. 1939ರಲ್ಲಿ ಮುಖ್ಯ ತೋಟಗಾರರಾಗಿ ಬಂದ ಜ್ಯಾಕ್ ವಾಸ್ ಅದನ್ನು ತಾವು ಹಿಂದೆ ಕೆಲಸ ಮಾಡಿದ್ದ ಕ್ಲಿವ್‌ಡನ್ ಉದ್ಯಾನದಿಂದ ತಂದರು. ಕಾರಣವನ್ನು ತರಗತಿಯಲ್ಲಿ ಹೇಳಬಹುದು. ಆದರೆ ಎಷ್ಟು ಬಾಗಿಸಿದರೆ ರೆಂಬೆ ಸೀಳುತ್ತದೆ ಎನ್ನುವುದು ಬಾಗಿಸಿದ ಕೈಗೆ ಮಾತ್ರ ಗೊತ್ತು, ಆ ಹದವನ್ನು ಪಳಗಿದ ಇನ್ನೊಂದು ಕೈಯ ಪಕ್ಕದಲ್ಲಿ ಕುಳಿತೇ ಕಲಿಯಬೇಕು.

ಈ ಸರಪಳಿ ಕಡಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಹೆಲಿಗನ್ ಉದ್ಯಾನ ಸಾಕ್ಷಿ. ಅಲ್ಲಿನ ತೋಟಗಾರರ ಶೌಚಾಲಯದ ಗೋಡೆಯ ಮೇಲೆ ಅವರ ಹೆಸರುಗಳೂ 1914ರ ಆಗಸ್ಟ್ ಎಂಬ ದಿನಾಂಕವೂ ಪೆನ್ಸಿಲ್‌ನಲ್ಲಿವೆ. ಮೊದಲ ಮಹಾಯುದ್ಧಕ್ಕೆ ಹೋದವರಲ್ಲಿ ಅನೇಕರು ಮರಳಲಿಲ್ಲ, ಉದ್ಯಾನ ಪೊದೆ ಮುಳ್ಳಿನಡಿ ಹೂತುಹೋಯಿತು. 1990ರ ದಶಕದಲ್ಲಿ ಅದನ್ನು ಮತ್ತೆ ಬಿಡಿಸಿದಾಗ, ಹಸಿ ಕುದುರೆ ಲದ್ದಿಯ ಕಾವಿನಿಂದ ಅನಾನಸ್ ಬೆಳೆಯುತ್ತಿದ್ದ ಗುಂಡಿ ಸಿಕ್ಕಿತು. ಗುಂಡಿ ಇತ್ತು, ನಡೆಸಿದವರು ಇರಲಿಲ್ಲ. ಲದ್ದಿಯನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು, ಕಾವು ಏರಿದರೆ ಹೇಗೆ ಇಳಿಸಬೇಕು ಎನ್ನುವುದನ್ನೆಲ್ಲ ಮಾಡಿ ನೋಡಿಯೇ ಕಲಿಯಬೇಕಾಯಿತು. ಸಂಸ್ಥೆಯವರೊಂದಿಗೆ ಮಾತಾಡುವಾಗ ಈ ಉದಾಹರಣೆ ಕೊಡಿ. ಜೊತೆಗೆ 1981ರ ಫ್ಲಾರೆನ್ಸ್ ಸನ್ನದನ್ನೂ ಇಡಿ. ಸ್ಮಾರಕಗಳ ಅಂತರರಾಷ್ಟ್ರೀಯ ಮಂಡಳಿ ಇಕೊಮಾಸ್ ಚಾರಿತ್ರಿಕ ಉದ್ಯಾನಗಳಿಗಾಗಿಯೇ ರೂಪಿಸಿದ ಈ ಸನ್ನದು ಉದ್ಯಾನವನ್ನು ಜೀವಂತ ಸ್ಮಾರಕವೆಂದು ಕರೆಯುತ್ತದೆ. ಅದರ 24ನೇ ವಿಧಿ, ಇಂಥ ಉದ್ಯಾನ ಉಳಿಯಲು ತರಬೇತಾದವರ ಎಡೆಬಿಡದ ಆರೈಕೆ ಬೇಕು, ಆ ತರಬೇತಿಗೆ ತಕ್ಕ ಏರ್ಪಾಡೂ ಇರಬೇಕು ಎನ್ನುತ್ತದೆ. ತರಬೇತಿ ಪಡೆಯಬೇಕಾದವರ ಪಟ್ಟಿಯಲ್ಲಿ ಇತಿಹಾಸಕಾರರು, ವಾಸ್ತುಶಿಲ್ಪಿಗಳ ಜೊತೆಯಲ್ಲೇ ತೋಟಗಾರರನ್ನೂ ಹೆಸರಿಸುತ್ತದೆ.

ಯಾವ ಕಾಲದಲ್ಲಿ ಹೋಗಬೇಕು? ಹೂವಿನ ಕಾಲ ಬಿಟ್ಟು ಕೆಲಸದ ಕಾಲದಲ್ಲಿ ಹೋಗಿ. ಜಪಾನಿನ ಕನಜಾವಾ ನಗರದ ಕೆನ್ರೊಕುಎನ್ ಉದ್ಯಾನದಲ್ಲಿ ಪ್ರತಿ ವರ್ಷ ನವೆಂಬರ್ 1ರಿಂದ ಮರಗಳಿಗೆ ಹಗ್ಗ ಕಟ್ಟುವ ಕೆಲಸ ಶುರುವಾಗುತ್ತದೆ. ಅಲ್ಲಿ ಬೀಳುವ ಹಿಮ ತೇವದ, ಭಾರದ ಹಿಮ. ಅಡ್ಡಡ್ಡ ಚಾಚಿದ ಪೈನ್ ಕೊಂಬೆಗಳು ಅದರ ತೂಕಕ್ಕೆ ಮುರಿಯುತ್ತವೆ. ಅದಕ್ಕೆ ಮರದ ಪಕ್ಕ ಎತ್ತರದ ಕಂಬ ನಿಲ್ಲಿಸಿ, ತುದಿಯಿಂದ ಇಳಿಬಿಟ್ಟ ನೂರಾರು ಹಗ್ಗಗಳಿಂದ ಒಂದೊಂದು ಕೊಂಬೆಯನ್ನೂ ಎತ್ತಿ ಕಟ್ಟುತ್ತಾರೆ. ಮೊದಲ ಸರದಿ ಕರಸಾಕಿ ಪೈನ್ ಎಂಬ ಹೆಸರಾಂತ ಮರದ್ದು. ಜನವರಿಯಲ್ಲಿ ಹೋದವರು ಹಿಮದ ನಡುವೆ ಸುಂದರವಾದ ಹಗ್ಗದ ಕೊಡೆಯನ್ನು ಕಾಣುತ್ತಾರೆ. ನವೆಂಬರಿನಲ್ಲಿ ಹೋದ ವಿದ್ಯಾರ್ಥಿ, ಹಗ್ಗ ಕೊಂಬೆಯ ಯಾವ ಭಾಗಕ್ಕೆ ಬೀಳುತ್ತದೆ, ಎಷ್ಟು ಬಿಗಿಯುತ್ತಾರೆ, ಕೆಳಗೆ ನಿಂತವರು ಮೇಲಿದ್ದವರಿಗೆ ಏನು ಕೂಗಿ ಹೇಳುತ್ತಾರೆ ಎಂಬುದನ್ನೂ ಕಾಣಬಹುದು. ಹಣ ಒಂದೇ ಪ್ರವಾಸಕ್ಕೆ ಸಾಕಾಗುವುದಾದರೆ ನನ್ನ ಆಯ್ಕೆ ಸವರುವ ತಿಂಗಳು. ಎರಡು ಸಾಧ್ಯವಾದರೆ ಅದೇ ಉದ್ಯಾನಕ್ಕೆ ಎರಡನೇ ಸಲ ಹೋಗಿ, ಅಂದು ಕತ್ತರಿಸಿದ್ದು ಇಂದು ಏನಾಗಿದೆ ಎಂದು ಅದೇ ಗಿಡದ ಮುಂದೆ ನಿಂತು ನೋಡಿ.

ಪ್ರವಾಸದ ಮೊದಲ ಬೆಳಿಗ್ಗೆ ಉದ್ಯಾನದ ಹಿಂಬದಿಗೆ ಹೋಗಿ. ಗೊಬ್ಬರದ ರಾಶಿ, ಸಸಿಗಳ ನರ್ಸರಿ, ಉಪಕರಣದ ಕೋಣೆ, ನೀರಿನ ಮೂಲ. ಗೊಬ್ಬರದ ಅಂಗಳ ನೋಡಿದರೆ ಆ ಉದ್ಯಾನ ಹೇಗೆ ನಡೆಯುತ್ತಿದೆ ಎಂಬುದು ಅರ್ಧ ತಿಳಿಯುತ್ತದೆ. ನರ್ಸರಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಹಳೆಯ ತಳಿಗಳ ಬದಲಿ ಗಿಡಗಳನ್ನು ಇಲ್ಲೇ ಬೆಳೆಸುತ್ತೀರಾ? ಅಂಗಡಿಯಲ್ಲಿ ಸಿಗದ ತಳಿ ಸತ್ತರೆ ಹೋಯಿತು. ಅದಕ್ಕೇ ಫ್ಲಾರೆನ್ಸ್ ಸನ್ನದಿನ ಅದೇ ವಿಧಿ ಬೇಕಾದ ತಳಿಗಳನ್ನು ನಿಯಮಿತವಾಗಿ ವೃದ್ಧಿಸುತ್ತಿರಬೇಕು ಎಂದೂ ಹೇಳುತ್ತದೆ. ನೀರಿನ ವಿಷಯಕ್ಕೆ ಬಂದರೆ, ಇಟಲಿಯ ಟಿವೊಲಿಯಲ್ಲಿರುವ ವಿಲ್ಲಾ ಡೆಸ್ಟೆಯ 16ನೇ ಶತಮಾನದ ಕಾರಂಜಿಗಳು ಪಂಪಿಲ್ಲದೆ, ಇಳಿಜಾರಿನ ಬಲದಿಂದಲೇ ಚಿಮ್ಮುತ್ತವೆ. ಇಂಥ ಕಡೆ ಕಾರಂಜಿಯನ್ನು ಬಿಟ್ಟು ನೀರಿನ ದಾರಿಯನ್ನು ಹಿಂದಕ್ಕೆ ಹಿಂಬಾಲಿಸುತ್ತ ಹೋಗುವುದೇ ಒಳ್ಳೆಯ ಅಭ್ಯಾಸ.

ಮಧ್ಯಾಹ್ನ ಎಲ್ಲರನ್ನೂ ಗುಂಪಾಗಿ ಸುತ್ತಾಡಿಸಬೇಡಿ. ಒಬ್ಬೊಬ್ಬರಿಗೆ ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಒಂದು ತುಂಡು ಕೊಡಿ. ಅದನ್ನು ಅಳೆದು, ಪೆನ್ಸಿಲ್ಲಿನಲ್ಲಿ ನಕ್ಷೆ ಬರೆದು, ಪ್ರತಿ ಗಿಡದ ಹೆಸರು ಗುರುತಿಸಿ, ಈ ತುಂಡಿಗೆ ಮುಂದಿನ ಹನ್ನೆರಡು ತಿಂಗಳಲ್ಲಿ ಏನೇನು ಕೆಲಸ ಬೇಕು ಎಂದು ಬರೆಯಲಿ. ಫೋನು ಚೀಲದೊಳಗಿರಲಿ. ಫೋಟೊ ತೆಗೆಯುವವರ ಕಣ್ಣು ಮುಂದಿನ ಫೋಟೊಗೆ ಹೋಗಿಬಿಡುತ್ತದೆ. ಚಿತ್ರ ಬರೆಯುವವರು ಪಾತಿಯ ಅಂಚು ಎಲ್ಲಿ ಬಾಗುತ್ತದೆ, ಯಾವ ಗಿಡ ಯಾವುದರ ನೆರಳಿನಲ್ಲಿದೆ ಎಂದು ನೋಡದೆ ಗೆರೆ ಎಳೆಯಲಾರರು. ಚಿತ್ರ ಚೆಂದ ಇರಬೇಕಿಲ್ಲ. ಸಂಜೆ ಆ ತುಂಡನ್ನು ನೋಡಿಕೊಳ್ಳುವ ತೋಟಗಾರರ ಮುಂದೆ ವಿದ್ಯಾರ್ಥಿ ತನ್ನ ಕೆಲಸದ ಪಟ್ಟಿ ಓದಲಿ, ಅವರು ತಿದ್ದಲಿ. ಆ ತಿದ್ದುಪಡಿಗಳಿರುವ ಹಾಳೆಯೇ ವರದಿ. ಬೇರೆ ಪ್ರಬಂಧ ಕೇಳಬೇಡಿ.

ಎರಡನೇ ದಿನಕ್ಕೆ ಒಂದು ಕಷ್ಟದ ಪ್ರಶ್ನೆ ಇಟ್ಟುಕೊಳ್ಳಿ. ಉದ್ಯಾನ ಸದಾ ಬೆಳೆಯುತ್ತ, ಸಾಯುತ್ತ ಇರುವಾಗ ನಾವು ಕಾಪಾಡುತ್ತಿರುವುದು ಯಾವ ವರ್ಷದ ಉದ್ಯಾನವನ್ನು? ಹ್ಯಾಂಪ್ಟನ್ ಕೋರ್ಟಿನಲ್ಲೇ ದೊರೆಯ ಖಾಸಗಿ ಉದ್ಯಾನವನ್ನು 1990ರ ದಶಕದಲ್ಲಿ, ಉತ್ಖನನದಲ್ಲಿ ಸಿಕ್ಕ ಪಾತಿಗಳ ಗುರುತು ಹಿಡಿದು, 1702ರಲ್ಲಿ ಇದ್ದ ಸ್ಥಿತಿಗೆ ತಂದರು. ಹಾಗೆ ಮಾಡಲು ನಡುವಿನ ಕಾಲದಲ್ಲಿ ಮಿತಿಮೀರಿ ಬೆಳೆದಿದ್ದ ಯೂ ಮರಗಳನ್ನು ತೆಗೆಯಬೇಕಾಯಿತು. ಅದು ಸರಿಯೆ? ವಾಷಿಂಗ್ಟನ್ನಿನ ಡಂಬಾರ್ಟನ್ ಓಕ್ಸ್ ಉದ್ಯಾನವನ್ನು ರೂಪಿಸಿದ ಬಿಯಾಟ್ರಿಕ್ಸ್ ಫ್ಯಾರಂಡ್ ಬೇರೆ ದಾರಿ ಹಿಡಿದರು. 1940ರ ದಶಕದಲ್ಲಿ ಅವರು ಮುಂದೆ ಬರುವ ತೋಟಗಾರರಿಗಾಗಿ ಸವಿಸ್ತಾರವಾದ ಟಿಪ್ಪಣಿ ಬರೆದಿಟ್ಟರು: ಈ ಗಿಡ ಇಲ್ಲಿ ಏಕಿದೆ, ಸತ್ತರೆ ಅದನ್ನೇ ಮತ್ತೆ ನೆಡಬೇಕೋ, ಎತ್ತರ ಮತ್ತು ಆಕಾರದಲ್ಲಿ ಹೊಂದುವ ಇನ್ನೊಂದಾದರೂ ಸಾಕೋ. ನನಗೆ ಈ ದಾರಿ ಹೆಚ್ಚು ಇಷ್ಟ. ಗಿಡದ ಹಿಂದಿನ ಉದ್ದೇಶ ಗೊತ್ತಿದ್ದರೆ ರೋಗ ಬಂದಾಗ, ಹವೆ ಬದಲಾದಾಗ ತೋಟಗಾರರಿಗೆ ತೀರ್ಮಾನಕ್ಕೆ ಆಧಾರ ಸಿಗುತ್ತದೆ. ಬಾಕ್ಸ್ ಗಿಡದ ಬೇಲಿಗಳನ್ನೇ ನೋಡಿ. 1990ರ ದಶಕದಿಂದ ಬಾಕ್ಸ್ ಬ್ಲೈಟ್ ಎಂಬ ಶಿಲೀಂಧ್ರ ರೋಗ, 2007ರಿಂದೀಚೆಗೆ ಬಾಕ್ಸ್ ಪತಂಗದ ಹುಳ, ಎರಡೂ ಸೇರಿ ಯುರೋಪಿನ ಹಳೆಯ ಉದ್ಯಾನಗಳ ತಗ್ಗು ಬೇಲಿಗಳನ್ನು ಹಾಳುಗೆಡವಿವೆ. ಅದೇ ಗಿಡವನ್ನು ಔಷಧಿ ಹೊಡೆದು ಉಳಿಸಬೇಕೆ, ಜಪಾನಿ ಹಾಲಿಯಂಥ ಬೇರೆ ಗಿಡ ನೆಟ್ಟು ಗೆರೆಯನ್ನು ಉಳಿಸಬೇಕೆ? ಇದಕ್ಕೆ ಸಿದ್ಧ ಉತ್ತರವಿಲ್ಲ. ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ವಾದಿಸಲು ಬಿಡಿ. ಅಲ್ಲಿನ ತೋಟಗಾರರೂ ಕುಳಿತು ಕೇಳಲಿ.

ರೋಗದ ಮಾತು ಬಂದಾಗ ಒಂದು ಶಿಸ್ತನ್ನು ಒತ್ತಿ ಹೇಳಬೇಕು. ಬಾಕ್ಸ್ ಬ್ಲೈಟಿನ ಬೀಜಕಗಳು ಅಂಟಂಟಾಗಿದ್ದು ಬಟ್ಟೆ, ಬೂಟು, ಕತ್ತರಿಗಳ ಮೇಲೆ ಪ್ರಯಾಣ ಮಾಡುತ್ತವೆ. ಒಂದೇ ದಿನ ಮೂರು ಉದ್ಯಾನ ಸುತ್ತುವ ಗುಂಪು ರೋಗವನ್ನೂ ಸುತ್ತಿಸಬಹುದು. ಉದ್ಯಾನಗಳ ಸಂಖ್ಯೆ ಇಳಿಸಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಒಳಗೆ ಹೋಗುವ ಮೊದಲೂ ಹೊರಬಂದ ಮೇಲೂ ಬೂಟಿನ ಮಣ್ಣು ಉಜ್ಜಿ ತೊಳೆದು ಸೋಂಕುನಿವಾರಕ ಹಾಕಲಿ; ಸಾಧ್ಯವಿದ್ದಷ್ಟೂ ಅಲ್ಲಿನ ಉಪಕರಣಗಳನ್ನೇ ಬಳಸಲಿ. ಕೇಳದೆ ಒಂದು ಕಡ್ಡಿ, ಒಂದು ಬೀಜವನ್ನೂ ಜೇಬಿಗೆ ಹಾಕಿಕೊಳ್ಳಬಾರದು.

ಮರಳಿದ ಮೇಲೆ ಮೊದಲ ವಾರದಲ್ಲೇ ಪ್ರತಿ ವಿದ್ಯಾರ್ಥಿ ಅಲ್ಲಿ ಕಂಡ ಒಂದೇ ಒಂದು ಕೆಲಸವನ್ನು ನಿಮ್ಮ ತಾಕಿನಲ್ಲಿ ಮಾಡಿ ತೋರಿಸಬೇಕು ಎಂದು ಕಡ್ಡಾಯ ಮಾಡಿ. ಗುಲಾಬಿಯ ರೆಂಬೆ ಬಾಗಿಸಿ ಕಟ್ಟುವುದೋ, ಮರದ ಬುಡದ ಹುಲ್ಲು ತೆಗೆದು ಹೊದಿಕೆ ಹಾಕುವುದೋ, ಯಾವುದಾದರೂ ಆಗಬಹುದು. ಪಕ್ಕದಲ್ಲಿ ಹಾಗೆ ಮಾಡದ ಒಂದು ಗಿಡವನ್ನೂ ಹೋಲಿಕೆಗೆ ಬಿಡಿ. ಮುಂದಿನ ಹಂಗಾಮಿನಲ್ಲಿ ಸಂಸ್ಥೆಯವರನ್ನು ಕರೆದು ಆ ಎರಡು ಗಿಡಗಳ ಮುಂದೆ ನಿಲ್ಲಿಸಿ. ಮಾತು ವಿದ್ಯಾರ್ಥಿಯೇ ಆಡಲಿ. ಮುಂದಿನ ಪ್ರವಾಸದ ಪತ್ರವನ್ನು ಮಾತ್ರ ಈಗಲೇ ಬರೆದು ಕಳಿಸಿ, ಸವರುವ ತಿಂಗಳ ದಿನಗಳು ಬೇಗ ತುಂಬಿಬಿಡುತ್ತವೆ.